ಸೆಲವಿಕ್ ಹಂಡೆಯ ಗುಳ್ಳೆಗಳು

ಮೊದಲು ಮುಂದಿನ ಸಾಲಿನ ಹೆಂಗಸೊಬ್ಬಳು ಸೊಂಟ ಹೊರಳಿಸಿದಳು. ಆಮೇಲೆ ಅವಳ ಪಕ್ಕದವಳು ಹಾಡಿನ ಪುಸ್ತಕವನ್ನು ಬೆನ್ನ ಹಿಂದಕ್ಕೆ ಒಯ್ದು ಅದರ ಅಂಚಿನಿಂದ ಮೆಲ್ಲಗೆ ಉಜ್ಜಿಕೊಂಡಳು. ಕೀರ್ತನೆ ಮುಗಿಯುವ ಹೊತ್ತಿಗೆ ಸೆಲವಿಕ್ ಚರ್ಚಿನ ಗಾಯನಮಂಡಳಿಯಲ್ಲಿ ದೇವರನ್ನು ಹೊಗಳುವವರಿಗಿಂತ ಮೈ ಕೆರೆದುಕೊಳ್ಳುವವರೇ ಹೆಚ್ಚಾಗಿದ್ದರು. ಮಂಡಳಿಯ ಮುಖ್ಯಸ್ಥೆ ಡಗ್ನಿ ಜನರಿಗೆ ಬೆನ್ನು ಮಾಡಿ ನಿಂತಿದ್ದಳು. ಬಲಗೈಯಲ್ಲಿ ತಾಳ ತೋರಿಸುತ್ತಲೇ ಅವಳು ಎಡಗೈಯಲ್ಲಿ ತೊಡೆ ಕೆರೆದುಕೊಂಡದ್ದು ಇಡೀ ಊರಿಗೆ ಕಂಡಿತು.

ಕೊನೆಯ ಬೆಂಚಿನಲ್ಲಿದ್ದ ಉನ್ನೂರ್‌ಗೆ ಮಾತ್ರ ನಗು ಬರಲಿಲ್ಲ. ಅವಳ ಸೊಂಟದ ಸುತ್ತಲೂ ಅದೇ ಬೆಂಕಿ ಹತ್ತಿತ್ತು.

"ನಿನಗೂ ಗುಳ್ಳೆ ಎದ್ದಿದೆಯಲ್ಲ?" ಪಕ್ಕದಲ್ಲಿದ್ದ ಬ್ರಿಂಡಿಸ್ ಅವಳ ಕಿವಿಯಲ್ಲಿ ಕೇಳಿದಳು. "ಉಗುರು ತಾಗಿಸಬೇಡ. ಕೀವು ತುಂಬ್ಕೊಳ್ಳತ್ತೆ."

ಬ್ರಿಂಡಿಸ್ ಆ ಕಡಲಂಚಿಗೆಲ್ಲ ಪಶುವೈದ್ಯೆಯಾಗಿದ್ದು ನಿವೃತ್ತಳಾದವಳು. ಐಸ್‌ಲ್ಯಾಂಡಿನ ಆ ಪಶ್ಚಿಮ ಮೂಲೆಗೆ ಪೊಲೀಸರು ಬರಬೇಕೆಂದರೆ ಎರಡು ಬೆಟ್ಟ ದಾಟಬೇಕು. ಹಾಗಾಗಿ ದೋಣಿಯ ಬಲೆ ಕತ್ತರಿಸಿದವರು ಯಾರು, ಯಾರ ಟಗರಿನ ಕಿವಿಯ ಗುರುತು ಯಾರು ಬದಲಿಸಿದರು ಎಂಬುದೆಲ್ಲ ಅವಳ ಅಡುಗೆಮನೆಗೇ ಬರುತ್ತಿತ್ತು. "ಎಲ್ಲಿ ನೋವು ಅಂತ ಹೇಳೋಕೆ ಬಾರದ ಪ್ರಾಣಿಗಳ ಹತ್ರ ಜೀವಮಾನ ಕಳೆದಿದೀನಿ. ಸುಳ್ಳು ಹೇಳೋ ಮನುಷ್ಯರು ಅದಕ್ಕಿಂತ ಸುಲಭ," ಎನ್ನುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳ ಕಾರು ಓಡಿಸುವ ಕೆಲಸ ಉನ್ನೂರ್‌ದಾಯಿತು. ಕಾರಿನ ಜೊತೆಗೆ ಅವಳ ಕಣ್ಣಾಗುವ ಕೆಲಸವೂ ಬಂತು.

ಮಧ್ಯಾಹ್ನ ಬ್ರಿಂಡಿಸ್‌ಳ ಮನೆಯಲ್ಲಿ ಕಾಫಿ ಇನ್ನೂ ಸೋಸಿರಲಿಲ್ಲ, ತೋರಾ ಬಾಗಿಲು ತಟ್ಟದೆ ಒಳಗೆ ಬಂದಳು. ಊರಿನ ಈಜುಕೊಳ ನೋಡಿಕೊಳ್ಳುವವಳು ಅವಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಹಂಡೆ ಮುಚ್ಚಿಸಿಬಿಟ್ರು ಬ್ರಿಂಡಿಸ್. ಬೆರ್ಗುರ್ ಈಗ ತಾನೇ ಬಂದು ಹಗ್ಗ ಕಟ್ಟಿ ಹೋದ."

ಈಜುಕೊಳದ ಪಕ್ಕದಲ್ಲಿದ್ದ, ಕಡಲಿಗೆ ಮುಖ ಮಾಡಿದ ದುಂಡನೆಯ ಬಿಸಿನೀರಿನ ತೊಟ್ಟಿಯನ್ನು ಊರವರು ಹಂಡೆ ಎಂದೇ ಕರೆಯುತ್ತಿದ್ದರು. ಮದುವೆಯ ಮಾತು ನಡೆಯುತ್ತಿದ್ದದ್ದು, ಜಗಳ ಮುರಿಯುತ್ತಿದ್ದದ್ದು, ಸತ್ತವರ ಸುದ್ದಿ ಮೊದಲು ತಿಳಿಯುತ್ತಿದ್ದದ್ದು ಎಲ್ಲ ಅಲ್ಲೇ, ಕತ್ತಿನ ಮಟ್ಟದ ನೀರಿನಲ್ಲಿ. ಉನ್ನೂರ್ ಬೆಳೆದದ್ದೂ ಅಲ್ಲೇ ಎನ್ನಬೇಕು. ಅಜ್ಜಿ ಸ್ವಾವಾ ಪ್ರತಿ ಸಂಜೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿನ ಬೆಳ್ಳಿ ಉಂಗುರ ತೆಗೆದು ದಡದಲ್ಲಿಟ್ಟ ಬೂಟಿನೊಳಗೆ ಹಾಕಿ, ಕತೆ ಶುರು ಮಾಡುತ್ತಿದ್ದಳು. ಹೋದ ಚಳಿಗಾಲ ಅಜ್ಜಿ ತೀರಿಕೊಂಡಳು. ಅವಳ ಮನೆ ಮಾರಾಟವಾಯಿತು. ಅಜ್ಜಿ ಇದ್ದಳು ಎಂದು ಬೊಟ್ಟು ಮಾಡಿ ತೋರಿಸಲು ಉನ್ನೂರ್‌ಗೆ ಉಳಿದದ್ದು, ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಆ ಉಂಗುರ ಬಿಟ್ಟರೆ, ಹಂಡೆಯಲ್ಲಿ ಅವಳು ಕೂರುತ್ತಿದ್ದ ಜಾಗ ಮಾತ್ರ.

"ಎಷ್ಟು ದಿನಕ್ಕೆ ಮುಚ್ಚಿದ್ದು?" ಅವಳು ಕೇಳಿದಳು.

"ದಿನಕ್ಕಲ್ಲ ಚಿನ್ನ, ಪೂರ್ತಿ. ಬುಧವಾರ ಊರಸಭೆ ಇದೆ. ಅಷ್ಟರಲ್ಲಿ ಕಾರಣ ಸಿಗದಿದ್ರೆ ಜಲ್ಲಿ ತುಂಬಿಸಿ ಮಟ್ಟ ಮಾಡ್ತಾರಂತೆ. 'ನಿನ್ನ ಕೊಳಕಿನಿಂದ ಊರಿಗೆ ಊರೇ ಕೆರ್ಕೊಳ್ತಿದೆ' ಅಂದ." ತೋರಾ ಮೂಗು ಸೀಟಿದಳು. "ನಾನು ದಿನಾ ಬೆಳಗ್ಗೆ ನೀರು ಪರೀಕ್ಷೆ ಮಾಡ್ತೀನಿ. ಗಾಜಿನ ಕೊಳವೆಯಲ್ಲಿ ಗುಳಿಗೆ ಹಾಕಿ ಅಲ್ಲಾಡಿಸ್ತೀನಿ, ನೀರು ಗುಲಾಬಿ ಆಗತ್ತೆ. ಗುಲಾಬಿ ಅಂದ್ರೆ ಕ್ಲೋರಿನ್ ಇದೆ ಅಂತ. ಒಂದು ದಿನವೂ ತಪ್ಪಿಲ್ಲ! ಸಾಲದ್ದಕ್ಕೆ ಈಚೆಗೆ ಕ್ಲೋರಿನ್ ಡಬ್ಬಿ ಮೊದಲಿಗಿಂತ ಬೇಗ ಖಾಲಿ ಆಗ್ತಿದೆ. ಪಂಪು ನೀರು ನೋಡ್ಕೊಂಡು ತಾನೇ ಹನಿಸತ್ತೆ. ಇಷ್ಟು ಹನಿಸಿದ ಮೇಲೂ ಗುಳ್ಳೆ ಅಂದ್ರೆ ನಾನೇನು ಮಾಡ್ಲಿ?"

"ಬೇಗ ಖಾಲಿ ಆಗ್ತಿದೆಯೋ?" ಎಂದ ಬ್ರಿಂಡಿಸ್, ಕಾಫಿಯ ಕಡೆ ನೋಡುವುದನ್ನು ಬಿಟ್ಟಳು.

ಅಷ್ಟರಲ್ಲಿ ಡಗ್ನಿ ಬಂದಳು. ಅವಳು ಬಂದದ್ದು ಅಂಗಳದಿಂದಲೇ ಗೊತ್ತಾಯಿತು.

"ಸೈಕಲ್ ಮೇಲೆ ಬಂದಿದ್ರಲ್ಲ, ಆ ಪರದೇಶಿ ಜೋಡಿ! ಅವರದೇ ಕೆಲಸ. ಸೋಪು ಮುಟ್ಟದೆ, ಈಜುಡುಗೆ ಹಾಕ್ಕೊಂಡೇ ನೇರ ಇಳಿದ್ರು. ಬಟ್ಟೆ ಬಿಚ್ಚಿ ತೊಳ್ಕೊಂಡು ಬನ್ನಿ ಅಂತ ನಾನೇ ಕೂಗಿದೆ. ಆ ಗಂಡಸು ನನ್ನ ನೋಡಿ ಕೈ ಬೀಸಿದ!"

"ನೀನು ಹಂಗೆ ಕೂಗಿದ್ರೆ ಯಾರಾದ್ರೂ ಬೀಸ್ತಾರೆ," ಎಂದಳು ಬ್ರಿಂಡಿಸ್. "ಅಂಗಿ ಎತ್ತು, ನೋಡೋಣ."

"ಇಲ್ಲೇ?"

"ಕುರಿಗಳು ಇಷ್ಟು ಪ್ರಶ್ನೆ ಕೇಳ್ತಿರಲಿಲ್ಲ."

ಉನ್ನೂರ್ ದೀಪ ಹಿಡಿದು, ಕಂಡದ್ದನ್ನು ಹೇಳಿದಳು. ಕೆಂಪು ಗುಳ್ಳೆಗಳು, ಕೆಲವಕ್ಕೆ ಕೀವಿನ ತುದಿ. ಪ್ರತಿಯೊಂದೂ ಒಂದೊಂದು ರೋಮದ ಬುಡದಲ್ಲಿ. ಸೊಂಟ, ಹೊಟ್ಟೆ, ಪೃಷ್ಠದ ಮೇಲೆ ದಟ್ಟವಾಗಿದ್ದವು. ತೋಳಿನ ಮೇಲೆ ಒಂದೂ ಇಲ್ಲ. ಈಜುಡುಗೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗೆರೆ ಎಳೆದ ಹಾಗೆ ಅವೂ ಮುಗಿದಿದ್ದವು.

"ಕುರಿ ಬಿಡಿಸಿ ಬಂದ ಸಂಜೆ ಹಂಡೆಯಲ್ಲಿ ಕೂತೆವಲ್ಲ, ಅದಾದ ಮೇಲೆ ಎದ್ದಿದ್ದು," ಎಂದಳು ಡಗ್ನಿ. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇದ ಕುರಿಗಳನ್ನು ಇಳಿಸಿ ತಂದು ಮನೆಮನೆಗೆ ಬಿಡಿಸಿಕೊಂಡ ದಿನ ಅದು. ಆ ಸಂಜೆ ಊರಿನ ಅರ್ಧ ಜನ ಹಂಡೆಯಲ್ಲಿದ್ದರು. "ಹೋದ ವಾರ ಹಾಡಿನ ಅಭ್ಯಾಸ ಮುಗಿಸಿ ಕೂತಾಗ ಇನ್ನೊಂದು ಸಲ ಎದ್ದವು."

"ನೀರಿಂದ ಎದ್ದ ಮೇಲೆ?"

"ಬೆಂಚಿನ ಮೇಲೆ ಕಾಫಿ ಕುಡಿದ್ವಿ. ಒದ್ದೆ ಈಜುಡುಗೆ ಮೇಲೆ ನಿಲುವಂಗಿ ಸುತ್ಕೊಂಡು. ಎರಡು ಹಾಡೂ ಹೇಳಿದ್ವಿ."

"ಬೆಳಗಿನ ಹೊತ್ತು ಬರೋ ಮುದುಕರು?"

"ಒಬ್ಬರಿಗೂ ಏನೂ ಆಗಿಲ್ಲ," ಎಂದು ತೋರಾ ಮಧ್ಯೆ ಹೇಳಿದಳು. "ಸಂಜೆಯವರಿಗೇ ಎಲ್ಲ."

"ಸೈಕಲ್ಲಿನವರು ಹಾಡಿನ ಅಭ್ಯಾಸದ ಹೊತ್ತಿಗೆ ಊರಲ್ಲಿದ್ರೇ?"

ಡಗ್ನಿ ಇಲ್ಲವೆಂದು ಒಪ್ಪಲೇಬೇಕಾಯಿತು. ಅವರು ಅದಕ್ಕೂ ಮೊದಲೇ ಹೋಗಿದ್ದರು. ಸಿಟ್ಟಿನಿಂದ ಅಂಗಿ ಇಳಿಸುವಾಗ ಅವಳ ಉಂಗುರ ಉಣ್ಣೆಗೆ ಸಿಕ್ಕಿತು. "ಇದೊಂದು! ಮದುವೆ ಆಗಿ ಇಷ್ಟು ವರ್ಷಕ್ಕೆ ಒಂದು ಬೆಳ್ಳಿ ಉಂಗುರ ತಂದ ಮಹಾರಾಯ. ನೋಡಿ, ಎರಡು ತಿಂಗಳಿಗೆ ಮಸಿ ಆಯ್ತು. ತವರವೋ ಏನೋ! 'ನಿನ್ನ ಪ್ರೀತಿ ಇಷ್ಟೇ' ಅಂದಿದೀನಿ. ಆವತ್ತಿಂದ ಊಟ ಮಾಡೋವಾಗ್ಲೂ ಮಾತಿಲ್ಲ."

ಬ್ರಿಂಡಿಸ್ ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು. ಒಳಬದಿಯನ್ನು ಮೇಜುಬಟ್ಟೆಯ ಅಂಚಿನಿಂದ ಉಜ್ಜಿದಳು. ಕಪ್ಪಿನ ಕೆಳಗೆ ಬಿಳಿ ಹೊಳೆಯಿತು. "ಗಂಡನಿಗೆ ಇವತ್ತು ಒಳ್ಳೇ ಮೀನಿನ ಸಾರು ಮಾಡು," ಎಂದಳಷ್ಟೆ.

ಮರುದಿನ ಅವರು ಹಂಡೆಗೆ ಹೋದರು. ಸುತ್ತ ಕಟ್ಟಿದ ಹಗ್ಗ ಗಾಳಿಗೆ ಕುಣಿಯುತ್ತಿತ್ತು. ನೀರಿನಿಂದ ಹಬೆ ಏಳುತ್ತಿತ್ತು. ಆ ಹಬೆಗೆ ತನ್ನಲ್ಲಿ ಯಾರೂ ಕೂತಿಲ್ಲವೆಂಬುದು ಗೊತ್ತೇ ಇಲ್ಲವೇನೋ ಎಂದು ಉನ್ನೂರ್‌ಗೆ ಅನಿಸಿತು. ತೋರಾ ಕೊಳವೆಯಲ್ಲಿ ನೀರು ತುಂಬಿ ಗುಳಿಗೆ ಹಾಕಿ ಅಲ್ಲಾಡಿಸಿದಳು. ಅಚ್ಚ ಗುಲಾಬಿ.

"ನೋಡಿದ್ರಾ? ನೀರು ಸರಿಯಾಗೇ ಇದೆ."

"ಈಗ ಸರಿಯಾಗಿದೆ," ಎಂದಳು ಬ್ರಿಂಡಿಸ್.

ದಡದ ಮರದ ಬೆಂಚಿನಲ್ಲಿ ಗಿಸ್ಲಿ ಕೂತಿದ್ದ. ಹಡಗಿನ ಇಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದ ಮುದುಕ. ಬೇಸಿಗೆಯಲ್ಲಿ ಹೃದಯಕ್ಕೆ ಚಿಕಿತ್ಸೆಯಾದ ಮೇಲೆ ಬಿಸಿನೀರಿಗೆ ಇಳಿಯಕೂಡದೆಂದು ವೈದ್ಯರು ಹೇಳಿದ್ದರು. ಆದರೂ ಅವನು ದಿನಾ ಸಂಜೆ ಬರುವುದು ಬಿಟ್ಟಿರಲಿಲ್ಲ. ಟವೆಲ್ಲಿಲ್ಲದೆ, ಕೋಟು ಬೂಟುಗಳಲ್ಲೇ, ಹಬೆ ಗಾಳಿಗೆ ತೂರಿ ಬರುವ ತುದಿಯಲ್ಲಿ ಕೂರುತ್ತಿದ್ದ. ಈಗ ಹಂಡೆ ಮುಚ್ಚಿದ್ದರೂ ಬಂದಿದ್ದ.

"ಮುಚ್ಚಿದ ಹಂಡೆ ಕಾಯೋಕೆ ಯಾರು ನೇಮಿಸಿದ್ರು ಗಿಸ್ಲಿ?" ಬ್ರಿಂಡಿಸ್ ಕೇಳಿದಳು.

"ಮನೆಯಲ್ಲಿ ಗೋಡೆ ನೋಡ್ಕೊಂಡು ಕೂರೋದಕ್ಕಿಂತ ಇದು ವಾಸಿ." ಅವನು ಉನ್ನೂರ್ ಕಡೆ ತಿರುಗಿ ಟೋಪಿ ಮುಟ್ಟಿದ. "ಹೇಗಿದೀಯ ಮರಿ? ನಿನಗೂ ಆಯ್ತಂತೆ ಗುಳ್ಳೆ?"

"ಸ್ವಲ್ಪ."

ಅವನ ಮುಖ ಸಪ್ಪಗಾಯಿತು. ಏನೋ ಹೇಳಲು ಹೊರಟು, ಬೂದು ಕೈಗವಸನ್ನು ಎಳೆದುಕೊಂಡ. ಗವಸಿನ ಅಂಗೈಗೆ ಕಿತ್ತಳೆ ಬಣ್ಣದ ಕಲೆ ಹತ್ತಿತ್ತು. ಉನ್ನೂರ್ ಅದನ್ನು ಕಂಡಳು. ಕಾರಿನಲ್ಲಿ ಕೂತ ಮೇಲೆ, ರೂಢಿಯಂತೆ, ಬ್ರಿಂಡಿಸ್‌ಗೆ ಹೇಳಿದಳು.

"ಇನ್ನೇನಾದ್ರೂ ಇದೆಯೇ?" ಬ್ರಿಂಡಿಸ್ ಕೇಳಿದಳು. "ಕುರಿ ಬಿಡಿಸಿದ ಸಂಜೆ ನೀನೂ ಇದ್ದೆಯಲ್ಲ. ಏನು ಬೇರೆ ಥರ ಇತ್ತು?"

ಉನ್ನೂರ್ ಕಾರಿನ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಗ್ತೀರಿ ನೀವು."

"ನಗೋ ವಿಷಯವಾದ್ರೆ ನಗ್ತೀನಿ."

"ಅಜ್ಜಿ ಬಂದಿದ್ಲು." ಅವಳ ಕೆನ್ನೆ ಬಿಸಿಯಾಯಿತು. "ಬಂದಿದ್ಲು ಅಂದ್ರೆ... ಕಣ್ಣು ಮುಚ್ಚಿ ಅವಳ ಜಾಗದಲ್ಲಿ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಅವಳ ತೊಡೆ ಮೇಲಿದ್ದೀನಿ ಅನ್ನಿಸ್ತು. ಅವಳ ಕೂದಲು, ಅವಳ ಉಣ್ಣೆ ಟವೆಲ್ಲು, ಒದ್ದೆ ಕಲ್ಲಿನ ವಾಸನೆ. ಆ ಹಬೆ ನೂಲುವ ಹೆಂಗಸಿನ ಕತೆ ಇದೆಯಲ್ಲ, ಅದು ಕಿವಿಯಲ್ಲಿ ಕೇಳೋ ಹಾಗಾಯ್ತು. ಅಷ್ಟು ಸ್ಪಷ್ಟವಾಗಿ ಅವಳು ಸತ್ತ ಮೇಲೆ ಒಂದು ಸಲವೂ ಬಂದಿರಲಿಲ್ಲ. ಅತ್ತುಬಿಟ್ಟೆ. ಹಬೆಯಲ್ಲಿ ಯಾರಿಗೂ ಕಾಣಲಿಲ್ಲ."

ಬ್ರಿಂಡಿಸ್ ನಗಲಿಲ್ಲ. "ಅಜ್ಜಿ ನೀರಿಗೆ ಇಳಿಯೋವಾಗ ಉಂಗುರ ಎಲ್ಲಿಡ್ತಿದ್ಲು?" ಎಂದಳು.

"ಬೂಟಿನೊಳಗೆ."

"ಹಳೇ ಬುಗ್ಗೆಯ ಹತ್ರ ಗಾಡಿ ತಿರುಗಿಸು."

ಹಳೆಯ ಬುಗ್ಗೆ ಕಡಲಂಚಿನ ಕಲ್ಲುಗಳ ನಡುವೆ ಇತ್ತು, ಊರಿನಿಂದ ಈಜುಕೊಳಕ್ಕೆ ಬರುವ ಕಾಲುದಾರಿಯ ಪಕ್ಕದಲ್ಲೇ. ಉನ್ನೂರ್ ಹುಡುಗಿಯಾಗಿದ್ದಾಗ ಹಂಡೆಗೆ ನೀರು ಅಲ್ಲಿಂದಲೇ ಬರುತ್ತಿತ್ತು. ಆಮೇಲೆ ಬೆಟ್ಟದ ಹಳ್ಳದ ತಿಳಿನೀರನ್ನು ಕಾಯಿಸಿ ತರುವ ಹೊಸ ವ್ಯವಸ್ಥೆ ಬಂತು, ಜೊತೆಗೆ ಕ್ಲೋರಿನ್ನೂ ಬಂತು. ಹಳೆಯ ಕೊಳವೆಯ ಬಾಯನ್ನು ಮುಚ್ಚಿ ಎಲ್ಲರೂ ಮರೆತರು. ಹುಲ್ಲು ಹೊದಿಸಿದ ಪುಟ್ಟ ಗುಡಿಸಲಿನೊಳಗೆ ಆ ಕೊಳವೆಯನ್ನು ತೆರೆದು ಮುಚ್ಚುವ, ತುಕ್ಕು ಹಿಡಿದ ಕಬ್ಬಿಣದ ಚಕ್ರವೊಂದಿತ್ತು. ಬ್ರಿಂಡಿಸ್ ಅದರ ನಡುವಿನ ದಂಡದ ಮೇಲೆ ಬೆರಳಾಡಿಸಿ ಮೂಸಿದಳು. ಒಂದು ಕೈಯಲ್ಲಿ ತಿರುಗಿಸಿದಳು. ಮಗುವಿನ ಆಟಿಕೆಯಂತೆ ಸದ್ದಿಲ್ಲದೆ ತಿರುಗಿತು. ಮತ್ತೆ ಮುಚ್ಚಿ, ಬುಗ್ಗೆಯ ನೀರನ್ನು ಒಂದು ಸೀಸೆಗೆ ತುಂಬಿಸಿಕೊಂಡಳು.

"ಯಾರು ಅಂತ ಗೊತ್ತಾಯ್ತಾ?" ಉನ್ನೂರ್ ಕೇಳಿದಳು.

"ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು." ಅವಳು ಕಾರು ಹತ್ತಿದಳು. "ತೋರಾಗೆ ಹೇಳು, ಹಂಡೆ ಪೂರ್ತಿ ಬಸಿದು ಒಣಗಿಸ್ಲಿ. ಊರಸಭೆ ಅಲ್ಲೇ ನಡೀಬೇಕು."

ಬುಧವಾರ ಮಧ್ಯಾಹ್ನ ಊರಿನವರು ಕೋಟು, ಉಣ್ಣೆ ಟೋಪಿ ಹಾಕಿಕೊಂಡು ಒಣಗಿದ ಹಂಡೆಯೊಳಗೆ ಇಳಿದರು. ಯಾರೂ ಹೇಳದೆಯೇ ಎಲ್ಲರೂ ತಮ್ಮ ತಮ್ಮ ಎಂದಿನ ಜಾಗ ಹಿಡಿದರು. ನೀರಿಲ್ಲದ ಹಂಡೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಆ ಜನ, ದೋಣಿ ಒಡೆದು ದಡ ಸೇರಿದವರಂತೆ ಕಾಣುತ್ತಿದ್ದರು. ಒಂದು ಜಾಗ ಮಾತ್ರ ಖಾಲಿ ಉಳಿಯಿತು. ಅದು ಅಜ್ಜಿಯದು. ಉನ್ನೂರ್ ಅದರ ಪಕ್ಕದಲ್ಲಿ ಕೂತಳು.

"ಗಿಸ್ಲಿ, ನೀವೂ ಇಳಿದು ಬನ್ನಿ," ಎಂದಳು ಬ್ರಿಂಡಿಸ್. "ನೀರಿಲ್ಲ. ಹೃದಯಕ್ಕೆ ಏನೂ ಆಗಲ್ಲ."

ಮುದುಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಅಜ್ಜಿಯ ಜಾಗಕ್ಕೆ ನೇರ ಎದುರಿಗೆ ಕೂತ.

ಊರಸಭೆಯ ಅಧ್ಯಕ್ಷ ಬೆರ್ಗುರ್ ಗಂಟಲು ಸರಿಮಾಡಿಕೊಂಡ. ಊರಾಚೆ ಅವನ ಅತಿಥಿಗೃಹ ಇತ್ತು, ಅದರ ಅಂಗಳದಲ್ಲಿ ಹೊಸ ಮರದ ತೊಟ್ಟಿಗಳೂ ಇದ್ದವು. ಹಂಡೆ ಮುಚ್ಚಿದರೆ ಅವನಿಗೇ ಲಾಭವೆಂದು ಊರು ಮೂರು ದಿನದಿಂದ ಪಿಸುಗುಟ್ಟುತ್ತಿತ್ತು. "ಬೇಗ ಮುಗಿಸೋಣ. ಇಲ್ಲಿ ಚಳಿ."

"ಚಳಿಗೆ ಬೆನ್ನು ಯಾಕೆ ಗೋಡೆಗೆ ಉಜ್ತಿದೀಯ ಬೆರ್ಗುರ್?" ಬ್ರಿಂಡಿಸ್ ಕೇಳಿದಳು. ಅವನು ಉಜ್ಜುವುದನ್ನು ನಿಲ್ಲಿಸಿದ. "ನಿನ್ನದೇ ತೊಟ್ಟಿಗಳನ್ನ ಬಿಟ್ಟು ಊರಿನ ಹಂಡೆಗೇ ಯಾಕೆ ಬರ್ತೀಯ?"

"ಅಲ್ಲಿ... ಒಬ್ಬನೇ ಕೂರಬೇಕು," ಎಂದ ಬೆರ್ಗುರ್ ನೆಲ ನೋಡುತ್ತಾ. "ಅತಿಥಿಗಳು ಫೋನು ನೋಡ್ತಾರೆ. ಯಾರೂ ಮಾತೇ ಆಡಲ್ಲ."

ಹಂಡೆಯೊಳಗೆ ನಗು ಗುಂಯ್‌ಗುಟ್ಟಿತು. "ಅಂದ್ರೆ ಇವನಲ್ಲ," ಎಂದಳು ಬ್ರಿಂಡಿಸ್. "ತಾನೇ ಕೂರೋ ನೀರನ್ನ ಯಾರೂ ಬೇಕಂತ ಕೆಡಿಸಲ್ಲ. ಈಗ ಕೇಳಿ. ಗುಳ್ಳೆ ಎದ್ದಿದ್ದು ರೋಮದ ಬುಡದಲ್ಲಿ, ಅದೂ ಈಜುಡುಗೆಯ ಕೆಳಗೇ ಹೆಚ್ಚು. ಬಿಸಿನೀರಿಗೆ ರೋಮದ ಬಾಯಿ ತೆರೀತದೆ. ನೀರಿನಲ್ಲಿದ್ದ ಕ್ರಿಮಿ ಒಳಗೆ ಹೋಗ್ತದೆ. ಒದ್ದೆ ಬಟ್ಟೆಯಲ್ಲೇ ಕೂತು ಕಾಫಿ ಕುಡಿದ್ರೆ ಅದಕ್ಕೆ ಇನ್ನೂ ಹಬ್ಬ. ಆದ್ರೆ ಕ್ಲೋರಿನ್ ಇದ್ದ ನೀರಲ್ಲಿ ಆ ಕ್ರಿಮಿ ಬದುಕಲ್ಲ. ಬೆಳಗ್ಗೆ ಕ್ಲೋರಿನ್ ಇತ್ತು, ಬೆಳಗಿನವರಿಗೆ ಏನೂ ಆಗ್ಲಿಲ್ಲ. ಹಾಗಾದ್ರೆ ಸಂಜೆ ಅದು ಎಲ್ಲಿ ಹೋಗ್ತಿತ್ತು? ಡಬ್ಬಿ ಬೇಗ ಖಾಲಿ ಆಗ್ತಿದೆ ಅಂದ್ಲು ತೋರಾ. ಪಂಪು ಹನಿಸ್ತಾನೇ ಇತ್ತು, ಯಾವುದೋ ಅದನ್ನ ತಿಂತಾನೇ ಇತ್ತು. ಇರುಳೆಲ್ಲ ಹನಿಸಿ ಬೆಳಗಿನ ಹೊತ್ತಿಗೆ ಪಂಪು ಗೆಲ್ತಿತ್ತು. ಆಗ ತೋರಾ ಬಂದು ಪರೀಕ್ಷೆ ಮಾಡ್ತಿದ್ಲು."

ಅವಳು ಕೈ ಚಾಚಿದಳು. ತೋರಾ, ಗುಳಿಗೆ ಹಾಕಿ ಗುಲಾಬಿಯಾಗಿದ್ದ ಈಜುಕೊಳದ ನೀರಿನ ಗಾಜಿನ ಲೋಟವನ್ನು ಕೊಟ್ಟಳು. ಬ್ರಿಂಡಿಸ್ ಕೋಟಿನ ಜೇಬಿನಿಂದ ಸೀಸೆ ತೆಗೆದು ಲೋಟಕ್ಕೆ ಸ್ವಲ್ಪ ಸುರಿದಳು. ಗುಲಾಬಿ ಬಣ್ಣ ತೆಳುವಾಯಿತು, ಹೆದರಿದಂತೆ ಬಿಳಿಚಿತು, ಕಾಣೆಯಾಯಿತು. ಅದರ ಜೊತೆಗೇ ಹಂಡೆಯೊಳಗೆ ಬೆಂದ ಮೊಟ್ಟೆಯ ವಾಸನೆ ಹರಡಿತು.

"ಅಯ್ಯೋ, ಇದೇ ವಾಸನೆ!" ಡಗ್ನಿ ಎದ್ದು ನಿಂತಳು. "ಆವತ್ತು ಸಂಜೆ ಬಂದಿತ್ತು!"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬೆರ್ಗುರ್ ಗಾಳಿ ಬಿಟ್ಟ ಅಂದ್ಕೊಂಡೆ!"

"ನಾನು ನೀನು ಅಂದ್ಕೊಂಡಿದ್ದೆ," ಎಂದ ಬೆರ್ಗುರ್. ಮೂಲೆಯಲ್ಲಿದ್ದವರೊಬ್ಬರು ತಾವೂ ಡಗ್ನಿಯೆಂದೇ ಭಾವಿಸಿದ್ದಾಗಿ ಮೆಲ್ಲಗೆ ಒಪ್ಪಿಕೊಂಡರು. ಊರಿಗೆ ಊರೇ ಮರ್ಯಾದೆಗೆ ಅಂಜಿ ಮೂಗು ಮುಚ್ಚಿಕೊಂಡಿತ್ತು.

"ಇದು ಹಳೇ ಬುಗ್ಗೆಯ ಗಂಧಕದ ನೀರು," ಬ್ರಿಂಡಿಸ್ ಹೇಳಿದಳು. "ಇದು ಕ್ಲೋರಿನ್ನನ್ನ ತಿಂದುಹಾಕ್ತದೆ. ಬೆಳ್ಳಿಯನ್ನ ಕಪ್ಪು ಮಾಡ್ತದೆ. ಡಗ್ನಿ, ನಿನ್ನ ಗಂಡ ತಂದಿದ್ದು ಅಪ್ಪಟ ಬೆಳ್ಳಿ. ಹಳಬರು ಹಂಡೆಗೆ ಇಳಿಯೋ ಮೊದಲು ಉಂಗುರ ತೆಗೀತಿದ್ದದ್ದು ಅದಕ್ಕೇ. ಆದ್ರೆ ನನಗೆ ದಾರಿ ತೋರಿಸಿದ್ದು ಉಂಗುರಕ್ಕಿಂತ ಹೆಚ್ಚಾಗಿ ಉನ್ನೂರ್. ಕುರಿ ಬಿಡಿಸಿದ ಸಂಜೆ ಅವಳಿಗೆ ಹುಡುಗಿಯಾಗಿದ್ದಾಗಿನ ಹಂಡೆಯ ವಾಸನೆ ಬಂತು. ಕನಸಲ್ಲ ಅದು. ಹಳೇ ಕೊಳವೆ ತೆರೆದಿತ್ತು."

ಉನ್ನೂರ್ ಪಕ್ಕದ ಖಾಲಿ ಜಾಗದ ಕಡೆ ತಿರುಗಿದಳು. ಅಜ್ಜಿ ಬಂದಿರಲಿಲ್ಲ. ಬಂದದ್ದು ಕೊಳವೆಯ ನೀರು.

"ಬುಗ್ಗೆಯ ಚಕ್ರ ತುಕ್ಕು ಹಿಡಿದಿದೆ, ಆದ್ರೆ ದಂಡಕ್ಕೆ ಹೊಸದಾಗಿ ಗ್ರೀಸು ಹಚ್ಚಿದಾರೆ. ಇಂಜಿನ್ ಬಲ್ಲವರು ಹಚ್ಚೋ ಹಾಗೆ, ತೆಳ್ಳಗೆ, ಎಲ್ಲೂ ತೊಟ್ಟಿಕ್ಕದ ಹಾಗೆ. ತೆರೆದವರ ಗವಸಿಗೆ ತುಕ್ಕು ಹತ್ತಿದೆ. ಅವರು ನೀರಿಗೆ ಇಳಿಯಲ್ಲ, ಅದಕ್ಕೇ ಮೈಯಲ್ಲಿ ಗುಳ್ಳೆ ಇಲ್ಲ. ಬರೋವಾಗ ತೆರೀತಿದ್ರು, ಮನೆಗೆ ಹೋಗೋವಾಗ ಮುಚ್ತಿದ್ರು. ಹಬೆ ಬರೋ ಕಡೆ ಕೂರ್ತಿದ್ರು."

ಯಾರೂ ಅವನ ಕಡೆ ನೋಡಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಗಿತ್ತು. ಗಿಸ್ಲಿ ಗವಸು ತೆಗೆದು ಮೊಣಕಾಲ ಮೇಲಿಟ್ಟ.

"ನೆಲದ ಹೊಟ್ಟೆಯಿಂದ ಬಂದ ನೀರು," ಎಂದ. "ಅದಕ್ಕಿಂತ ಶುದ್ಧ ಏನಿದೆ ಅಂದ್ಕೊಂಡೆ. ಡಬ್ಬಿಯ ಔಷಧಿ ನೀರಿಗಿಂತ ಊರಿಗೆ ಒಳ್ಳೇದೇ ಆಗತ್ತೆ ಅಂದ್ಕೊಂಡೆ. ನಾವು ಸೋಪು ಹಾಕಿ ತೊಳ್ಕೊಂಡೇ ಇಳಿಯೋ ಜನ. ಆ ನೀರಲ್ಲಿ ನನ್ನ ವಯಸ್ಸೆಲ್ಲ ಕೂತಿದೀನಿ. ಯಾರಿಗೂ ಒಂದು ಗುಳ್ಳೆ ಎದ್ದದ್ದು ನೋಡಿಲ್ಲ."

"ಆಗ ಅದು ಹಗಲೂ ರಾತ್ರಿ ಭೋರ್ಗರೆದು ಹರೀತಿತ್ತು ಗಿಸ್ಲಿ," ಬ್ರಿಂಡಿಸ್‌ಳ ದನಿ ಮೆತ್ತಗಾಯಿತು. "ಸುಡೋ ನೀರು, ಒಂದು ಗಳಿಗೆ ನಿಲ್ತಿರಲಿಲ್ಲ. ಆಮೇಲೆ ಕೊಳವೆಯಲ್ಲಿ ಉಗುರುಬೆಚ್ಚಗಿನ ನೀರು ವರ್ಷಗಟ್ಟಲೆ ನಿಂತಿತ್ತು. ಒಳಗೆಲ್ಲ ಲೋಳೆ ಕಟ್ಟಿದೆ. ನೀವು ಸ್ವಲ್ಪವೇ ತೆರೆದು ಬಿಟ್ಟಾಗ ಆ ಲೋಳೆಯ ಕ್ರಿಮಿಯೂ ಬಂತು, ಅದನ್ನ ಕೊಲ್ಲೋ ಕ್ಲೋರಿನ್ನೂ ಹೋಯ್ತು."

"ಯಾಕೆ ಗಿಸ್ಲಿ?" ಎಂದಳು ತೋರಾ. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ನನ್ನ ಕೆಲಸ ಹೋಗ್ತಿತ್ತು. ಹಂಡೆಯೇ ಹೋಗ್ತಿತ್ತು."

"ಇವತ್ತು ನಾನೇ ಹೇಳೋನಿದ್ದೆ. ನಿನ್ನ ಮೇಲೆ ಬರೋಕೆ ಬಿಡ್ತಿರಲಿಲ್ಲ." ಮುದುಕ ಎದುರಿನ ಖಾಲಿ ಜಾಗವನ್ನು ನೋಡಿದ. "ನೀರಿಗೆ ಇಳಿಯೋ ಹಾಗಿಲ್ಲ ಅಂದ್ರು. ಅವಳೂ ಇಲ್ಲ. ಬೆಂಚಿನ ಮೇಲೆ ಕೂತರೆ ಬರೀ ಕ್ಲೋರಿನ್ ವಾಸನೆ, ಆಸ್ಪತ್ರೆ ಹಾಗೆ. ಆ ಹಳೇ ನೀರಿನ ಹಬೆ ಮುಖಕ್ಕೆ ಬಂದ್ರೆ... ಸ್ವಾವಾ ಅಲ್ಲಿ ಕೂತು ಕತೆ ಹೇಳ್ತಿದಾಳೆ ಅನ್ನಿಸ್ತಿತ್ತು. ಅಷ್ಟೇ. ಒಂದು ದಿನವೂ ಅವಳ ಪಕ್ಕ ಕೂತವನಲ್ಲ ನಾನು. ಎದುರಿಗೇ ಕೂರ್ತಿದ್ದೆ. ಎದುರಿಗೆ ಕೂತ್ರೆ ಮುಖ ಕಾಣ್ತದೆ."

ಗಾಳಿ ಹಂಡೆಯ ಬಾಯಿಯ ಮೇಲೆ ಹಾದು ಹೋಯಿತು. ಬಯ್ಯಲೆಂದೇ ಉಸಿರೆಳೆದುಕೊಂಡಿದ್ದ ಡಗ್ನಿ ಆ ಉಸಿರನ್ನು ಹಾಗೇ ಬಿಟ್ಟಳು. ತನ್ನ ಕಪ್ಪು ಉಂಗುರವನ್ನು ಬೆರಳಲ್ಲಿ ಒಮ್ಮೆ ತಿರುಗಿಸಿಕೊಂಡಳು.

"ಜಲ್ಲಿ ಬೇಡ," ಎಂದ ಬೆರ್ಗುರ್ ಕೊನೆಗೆ, ಬೆನ್ನನ್ನು ಗೋಡೆಯಿಂದ ಬಿಡಿಸಿಕೊಂಡು. "ತೋರಾ, ಏನು ಮಾಡ್ಬೇಕು ಹೇಳು."

ತೋರಾ ಕಣ್ಣೊರೆಸಿಕೊಂಡಳು. "ಆ ಕೊಳವೆ ಕತ್ತರಿಸಿ ಹಾಕ್ಬೇಕು. ಹಂಡೆಯ ಗೋಡೆ, ಮೆಟ್ಟಿಲು ಉಜ್ಜಿ ತೊಳೆದು ಹೊಸ ನೀರು ತುಂಬ್ಬೇಕು, ಮುಂದೆಯೂ ಆಗಾಗ ಹೀಗೇ ಬಸಿದು ಉಜ್ಬೇಕು. ಪರೀಕ್ಷೆ ಬೆಳಗ್ಗೆ ಮಾತ್ರ ಅಲ್ಲ, ಜನ ತುಂಬಿರೋ ಸಂಜೆಯಲ್ಲೂ ಮಾಡ್ತೀನಿ. ನನ್ನದೂ ತಪ್ಪಿದೆ. ಮತ್ತೆ ನೀವು," ಅವಳು ಗಾಯನಮಂಡಳಿಯ ಕಡೆ ಬೆರಳು ತೋರಿದಳು, "ಇಳಿಯೋ ಮೊದಲು ಮಾತ್ರ ಅಲ್ಲ, ಎದ್ದ ಮೇಲೂ ಒದ್ದೆ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳ್ಕೊಳ್ಳಿ. ಕಾಫಿ ಆಮೇಲೆ. ಹಾಡೂ ಆಮೇಲೆ."

"ಬಾಗಿಲಲ್ಲಿ ನಾನೇ ನಿಲ್ತೀನಿ," ಎಂದಳು ಡಗ್ನಿ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಕೊಳವೆಯನ್ನು ಕತ್ತರಿಸಿದವನು ಗಿಸ್ಲಿಯೇ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಹಂಡೆ ಮತ್ತೆ ತುಂಬಿತು. ಗುಳ್ಳೆಗಳು ಬ್ರಿಂಡಿಸ್ ಹೇಳಿದಂತೆ ತಾವಾಗಿಯೇ ಒಣಗಿದವು. ಡಗ್ನಿಯ ಗಂಡ ಊಟದ ಹೊತ್ತಿನಲ್ಲಿ ಮತ್ತೆ ಮಾತಾಡತೊಡಗಿದ. ಹಂಡೆಯಲ್ಲಿ ಈಗ ಸಂಜೆಯೂ ಕ್ಲೋರಿನ್ ವಾಸನೆ. ಉನ್ನೂರ್ ಅಜ್ಜಿಯ ಜಾಗದಲ್ಲಿ ಕಣ್ಣು ಮುಚ್ಚಿ ಕೂತು ನೋಡಿದಳು. ಬೆನ್ನಿಗೆ ಸಿಮೆಂಟಿನ ಗೋಡೆ ತಾಗಿತು, ಅಷ್ಟೇ. ಹಂಡೆ ಉಳಿದಿತ್ತು, ಅಜ್ಜಿ ಎದ್ದು ಹೋಗಿದ್ದಳು.

ಒಂದು ಮಧ್ಯಾಹ್ನ ಅವಳು ಕಡಲಂಚಿಗೆ ನಡೆದಳು. ಕತ್ತರಿಸಿದ ಕೊಳವೆಯಿಂದ ಬುಗ್ಗೆಯ ನೀರು ಈಗ ನೇರ ಕಲ್ಲುಗಳ ಮೇಲೆ ಬಿದ್ದು ಸಮುದ್ರ ಸೇರುತ್ತಿತ್ತು. ತಣ್ಣನೆಯ ಅಲೆ ಬಂದು ತಾಗಿದಾಗಲೆಲ್ಲ ಹಬೆ ಭುಗ್ಗನೆ ಏಳುತ್ತಿತ್ತು. ಗಿಸ್ಲಿ ಒಂದು ಬಂಡೆಯ ಮೇಲೆ ಟೋಪಿ ತೆಗೆದು ಕೂತಿದ್ದ. ಅವಳನ್ನು ಕಂಡು ಎದ್ದು ಹೋಗಲು ನೋಡಿದ.

"ಕೂತ್ಕೊಳ್ಳಿ," ಎಂದಳು ಉನ್ನೂರ್. ಪಕ್ಕದಲ್ಲಿ ಕೂರಲಿಲ್ಲ. ಎದುರಿನ ಬಂಡೆಯ ಮೇಲೆ ಕೂತಳು. ಒದ್ದೆ ಕಲ್ಲು, ಬೆಂದ ಮೊಟ್ಟೆ, ಉಣ್ಣೆ. ಎಲ್ಲವೂ ಅಲ್ಲಿತ್ತು.

"ಹಬೆ ನೂಲುವ ಹೆಂಗಸಿನ ಕತೆ ನಿಮಗೆ ನೆನಪಿದೆಯಾ? ಬುಗ್ಗೆಯ ಅಡಿ ಕೂತು, ಕಡಲಿಗೆ ಹೋದವನಿಗಾಗಿ ಹಬೆಯ ನೂಲಿನಲ್ಲಿ ಅಂಗಿ ಹೆಣೀತಾಳಲ್ಲ?"

"ಒಂದು ತೋಳು ಬಾಕಿ ಇರತ್ತೆ," ಎಂದ ಗಿಸ್ಲಿ ಕೂಡಲೇ.

"ಹೌದು. ಅಲ್ಲಿಗೆ ನನಗೆ ನಿದ್ದೆ ಬಂದಿರ್ತಿತ್ತು. ಆಮೇಲೆ ಏನಾಗತ್ತೆ? ನೀವಂತೂ ಎಚ್ಚರ ಇರ್ತಿದ್ರಲ್ಲ."

ಮುದುಕ ಹಬೆಯನ್ನೇ ನೋಡುತ್ತಿದ್ದ. "ನಿನಗೆ ನಿದ್ದೆ ಬಂದ ಕೂಡಲೇ ನಿಲ್ಲಿಸಿಬಿಡ್ತಿದ್ಲು ಮರಿ. ನಿನ್ನ ಟವೆಲ್ಲಿನಲ್ಲಿ ಸುತ್ತಿ ಎತ್ಕೊಂಡು ಹೋಗ್ಬಿಡ್ತಿದ್ಲು. ಕೊನೆ ನನಗೂ ಗೊತ್ತಿಲ್ಲ." ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟ. "ಮತ್ತೆ ದಿನಾ ಯಾಕೆ ಬರ್ತಿದ್ದೆ ಅಂದ್ಕೊಂಡೆ?"

ಅಲೆಯೊಂದು ಬಂದು ಕಲ್ಲಿಗೆ ತಾಗಿತು. ಹಬೆ ಎದ್ದು ಇಬ್ಬರ ನಡುವೆ ತುಂಬಿತು. ಎದುರಿನವರ ಮುಖ ಯಾರದೆಂದು ತಿಳಿಯದಷ್ಟು ದಟ್ಟವಾಗಿತ್ತು ಅದು. ಉನ್ನೂರ್ ಬೆರಳಿನಲ್ಲಿದ್ದ ಅಜ್ಜಿಯ ಉಂಗುರ ತೆಗೆದು ಬೂಟಿನೊಳಗೆ ಹಾಕಿದಳು. ಆಮೇಲೆ ಕತೆಯನ್ನು ಮೊದಲಿನಿಂದ ಶುರು ಮಾಡಿದಳು.